ಮಾವ ನೋಡದ ಗೋಲು

ನನ್ನ ಮಾವ ಜನ್ಮದಲ್ಲಿ ಒಂದು ಸಲವೂ ಚೆಂಡು ಒದ್ದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಾಪೋಕ್ಲಿನ ಸುತ್ತಮುತ್ತ ಫುಟ್‌ಬಾಲಿನ ಮಾತು ಬಂದರೆ ಅವರ ಮಾತು ಬರುತ್ತಿತ್ತು, ಗೊತ್ತಿಲ್ಲದವರು ಯಾರೋ ದೊಡ್ಡ ಆಟಗಾರ ಇರಬೇಕು ಅಂದುಕೊಳ್ಳುತ್ತಿದ್ದರು. ಆಡಿದವರೆಲ್ಲ ಬೇರೆಯವರು. ಇವರು ನೋಡಿದವರು, ಅಷ್ಟೇ. ಆದರೆ ನಲವತ್ತು ವರ್ಷ ಬಿಡದೆ ನೋಡಿದವರು.

ಈ ಹುಚ್ಚು ಹಿಡಿದದ್ದು ಹೇಗೆ ಅನ್ನುವುದನ್ನು ಅತ್ತೆ ನನಗೆ ಹೇಳಿದ್ದು. ಅವರಿಬ್ಬರ ಮದುವೆಯಾದ ಹೊಸತು. ನಮ್ಮ ತೋಟದಲ್ಲಿ ಆಗ ಕಾಫಿಗಿಂತ ಕಿತ್ತಳೆ ಜಾಸ್ತಿ. ಮಾವ ಎತ್ತಿನ ಗಾಡಿಯಲ್ಲಿ ಎರಡು ಕುಕ್ಕೆ ಕಿತ್ತಳೆ ಹೇರಿಕೊಂಡು ಮಡಿಕೇರಿ ಸಂತೆಗೆ ಹೋದರಂತೆ. ದಾರಿಯಲ್ಲಿ ಒಂದು ಮೈದಾನ. ಅಲ್ಲಿ ಪೊಲೀಸಿನವರು ಒಂದು ಕಡೆ, ಬಿಳಿಯರ ಎಸ್ಟೇಟಿನವರು ಒಂದು ಕಡೆ ನಿಂತು ಚೆಂಡು ಒದೆಯುತ್ತಿದ್ದರು. ಇವರು ಗಾಡಿ ನಿಲ್ಲಿಸಿದರು. ಸಂತೆ ಮುಗಿಯಿತು, ಸಂಜೆಯಾಯಿತು, ಎತ್ತುಗಳು ಹುಲ್ಲು ತಿಂದು ಮಲಗಿದವು. ಮನೆಗೆ ಬಂದಾಗ ಎರಡು ಕುಕ್ಕೆಯೂ ಖಾಲಿ.

"ಎಲ್ಲಾ ಮಾರ್ದ್ರಾ?" ಅಂತ ಅತ್ತೆ ಕೇಳಿದರು.

"ಇಲ್ಲೆ. ಕೊಟ್ಟೆ."

"ಯಾರಿಗೆ?"

"ಬಾಯಾರ್ದವ್ಕೆ."

ಆ ಮೇಲೆ ಕಿತ್ತಳೆ ಇಲ್ಲದೆ ಅವರು ಯಾವ ಆಟಕ್ಕೂ ಹೋಗಲಿಲ್ಲ. ಆಟದ ಮಧ್ಯೆ ಬಿಡುವು ಸಿಗುತ್ತದಲ್ಲ, ಆಗ ಕುಕ್ಕೆ ಹಿಡಿದುಕೊಂಡು ಇಳಿಯುತ್ತಿದ್ದರು. ನಮ್ಮ ಊರಿನ ತಂಡದವರಿಗೆ ಸುಲಿದ ಕಿತ್ತಳೆ. ಎದುರಿನವರಿಗೆ ಸುಲಿಯದ ಕಿತ್ತಳೆ. ಎದುರಿನವರಿಗೂ ಕೊಡಲೇಬೇಕು, ಬಾಯಾರಿಕೆ ಎಲ್ಲರಿಗೂ ಒಂದೇ. ಆದರೆ ಸುಲಿಯುತ್ತಾ ಕೂತಷ್ಟು ಹೊತ್ತು ಅವರ ಕಾಲಿಗೆ ಸಿಗಬೇಕಾದ ದಣಿವಾರಿಕೆ ಕಡಿಮೆಯಾಗುತ್ತದೆ ಅನ್ನುವುದು ಅವರ ಲೆಕ್ಕ. ಯಾರಾದರೂ "ಅಜ್ಜಾ, ನಮಗ್ಯಾಕೆ ಸುಲಿಯಲಿಲ್ಲ?" ಅಂದರೆ, "ನಿಮ್ಗೆ ಉಗುರ್ ಇಲ್ಲೆನಾ?" ಅನ್ನುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಗಂಡ ಪಟಾಲಮ್ಮಿನಲ್ಲಿ. ಮದುವೆಯಾದ ಹತ್ತನೇ ದಿನಕ್ಕೆ ಟ್ರಂಕು ಹೊತ್ತು ಬಸ್ಸು ಹತ್ತಿ ಹೋದರು. ಮನೆಯಲ್ಲಿ ಉಳಿದದ್ದು ಅತ್ತೆ, ಮಾವ, ನಾನು. ನಾನು ಮೂರನೇ ಕ್ಲಾಸು ಓದಿದವಳು. ಫುಟ್‌ಬಾಲು ಅಂದರೆ ಏನು ಅಂತ ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಗಂಡ ಹೋದ ಮಾರನೇ ದಿನ ಬೆಳಿಗ್ಗೆ ಎದ್ದು ಹೊರಗೆ ಬಂದು ನೋಡುತ್ತೇನೆ, ಮಾವ ಮನೆಯ ಕೆಳಗಿನ ಗದ್ದೆಯ ಬದು ಅಗೆದು ಹಾಕುತ್ತಿದ್ದಾರೆ! ನನ್ನ ತವರಿನಲ್ಲಿ ಬದುವಿನ ಮೇಲೆ ಹಸು ನಡೆದರೂ ಅಪ್ಪ ಕೋಲು ಹಿಡಿದು ಓಡುತ್ತಿದ್ದರು. ಇವರು ನೋಡಿದರೆ ಗುದ್ದಲಿ ತೆಗೆದುಕೊಂಡು ಒಳ್ಳೇ ಗಟ್ಟಿ ಬದುವನ್ನು ಕಡಿದು ಕಡಿದು ಚೆಲ್ಲುತ್ತಿದ್ದಾರೆ. ಬುದ್ಧಿ ಸರಿ ಇಲ್ಲದ ಮನೆಗೆ ಕೊಟ್ಟರಲ್ಲಪ್ಪಾ ಅಂದುಕೊಂಡೆ.

ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಮೂರು ಗದ್ದೆ ಒಂದು ಮಾಡ್ರೆ ಚೆಂಡಾಟಕ್ಕೆ ಸಾಕಾಗುವಷ್ಟು ಉದ್ದ ಬಂದದೆ. ಅದ್ಕೆ. ಮಳೆಗಾಲಕ್ಕೆ ಮುಂಚೆ ಮತ್ತೆ ಕಟ್ಟಿವೆ. ನೀ ಹೆದ್ರೊಡ, ಹುಚ್ಚು ಅಲ್ಲ. ಹುಚ್ಚಾದ್ರೆ ಔಷಧಿ ಇತ್ತ್."

ಹಾಗೆ ಅದು ಪ್ರತಿ ವರ್ಷದ ಕೆಲಸ. ಹುತ್ತರಿ ಹಬ್ಬ ಕಳೆದು, ಕುಯ್ಲು ಮುಗಿದು, ಭತ್ತ ಮನೆಗೆ ಬಂದ ಮೇಲೆ ಬದು ಒಡೆಯುವುದು. ಭತ್ತದ ಕೂಳೆ ಬರಿಗಾಲಿಗೆ ಮೊಳೆಯ ಹಾಗೆ ಚುಚ್ಚುತ್ತದೆ. ಅದನ್ನು ಕತ್ತಿಯಿಂದ ಬುಡಕ್ಕೆ ಸವರಿ, ಮೇಲೆ ದನಗಳನ್ನು ಅತ್ತ ಇತ್ತ ನಡೆಸುವುದು. ಎರಡು ಕಡೆ ಬಿದಿರಿನ ಗೋಲು ಕಂಬ ನೆಡುವುದು. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಭಾನುವಾರ ಭಾನುವಾರ ಆಟ. ಮುಂಗಾರಿಗೆ ಮುಂಚೆ ಬದು ಮತ್ತೆ ಕಟ್ಟುವುದು. ಒಡೆಯುವಾಗ ಹಾಡು ಗುನುಗುತ್ತಾ ಒಡೆಯುತ್ತಿದ್ದರು. ಕಟ್ಟುವಾಗ ಮಾತ್ರ ಸೊಂಟ ನೋವು ಅನ್ನುತ್ತಿದ್ದರು. ಎಣ್ಣೆ ಹಚ್ಚುತ್ತಾ ಅತ್ತೆ ಅನ್ನುತ್ತಿದ್ದರು, "ಬದು ಚೆಂಡಿಗೆ, ಸೊಂಟ ಬದುಗೆ, ಎಣ್ಣೆ ನನ್ನ ತಲೆಗೆ."

ಆ ಗದ್ದೆಯಲ್ಲಿ ಆಡುವುದಕ್ಕೆ ಯಾರು ಬರುತ್ತಿರಲಿಲ್ಲ! ಎಸ್ಟೇಟಿನ ಕೂಲಿ ಲೈನಿನ ತಮಿಳರು, ಮಲಯಾಳಿಗಳು, ಪೇಟೆಯ ಮಾಪಿಳ್ಳೆಗಳು, ಕೊಡವರು, ನಮ್ಮ ಗೌಡರು, ಒಬ್ಬ ಟೈಲರು, ಎಸ್ಟೇಟಿನ ಲಾರಿ ಓಡಿಸುವ ಒಬ್ಬ ಡ್ರೈವರು. ಬಾಯಿ ಬಾಯಿಗೆ ಒಂದೊಂದು ಭಾಷೆ. ಚೆಂಡು ಕೊಡು ಅನ್ನುವುದನ್ನು ಐದು ಭಾಷೆಯಲ್ಲಿ ನಾನು ಅಲ್ಲೇ ಕಲಿತದ್ದು. ಮಾವ ಬೈಯುವುದು ನಮ್ಮ ಅರೆಭಾಷೆಯಲ್ಲಿ, ಮೆಚ್ಚುವುದು ಮಲಯಾಳದಲ್ಲಿ. ಯಾಕೆ ಹಾಗೆ ಅಂತ ಕೇಳಿದರೆ, ಬೈಗುಳ ಮನೆಯವರಿಗೇ ಕೊಡಬೇಕು ಅನ್ನುತ್ತಿದ್ದರು.

ಆಟ ನೋಡುವಾಗ ಅವರು ಕೂರುತ್ತಿರಲಿಲ್ಲ. ನಿಂತಲ್ಲೂ ಕಾಲು ನಿಲ್ಲುತ್ತಿರಲಿಲ್ಲ. ನಮ್ಮವನು ಚೆಂಡು ಒದೆಯುವ ಹೊತ್ತಿಗೆ ಇವರ ಬಲಗಾಲೂ ಹಾರುತ್ತಿತ್ತು. ಪಕ್ಕದಲ್ಲಿದ್ದವನ ಮೊಣಕಾಲಿಗೆ ಸರಿಯಾಗಿ ಬೀಳುತ್ತಿತ್ತು. ಎಷ್ಟು ಜನ ಇದ್ದರೂ, ಒಡೆಯದೆ ಬಿಟ್ಟ ಅಂಚಿನ ಬದುವಿನ ಮೇಲೆ ನಿಲ್ಲುವುದಕ್ಕೆ ಜಾಗವೇ ಇಲ್ಲದಿದ್ದರೂ, ಅವರ ಬಲಗಡೆ ಮಾತ್ರ ಎರಡು ಮೊಳ ಖಾಲಿ.

ಇಷ್ಟೆಲ್ಲ ಮಾಡಿದರೂ ನಮ್ಮ ತಂಡ ಗೆಲ್ಲುತ್ತಿರಲಿಲ್ಲ. ಸಣ್ಣ ಪುಟ್ಟ ಆಟ ಗೆಲ್ಲುತ್ತಿತ್ತು, ಕೊನೆಯ ಆಟ ಬಂದರೆ ಸೋಲು. ಕೊನೆಯ ಆಟಕ್ಕೆ ಕುಟ್ಟದ ಕಡೆಯವರು ಲಾರಿ ಹತ್ತಿ ಬರುತ್ತಿದ್ದರು. ಅವರು ಗಡಿಯವರು, ಕೇರಳದ ಆಟ ನೋಡಿ ಕಲಿತವರು. ಬರುವುದು, ಕಿತ್ತಳೆ ಸುಲಿದು ತಿನ್ನುವುದು, ಗೆಲ್ಲುವುದು, ಗೆದ್ದ ಕಪ್ಪನ್ನು ಲಾರಿಗೆ ಹಾಕಿಕೊಂಡು ಹೋಗುವುದು.

ಕಪ್ಪು ಅಂದರೆ ಹಿತ್ತಾಳೆಯದು, ಎರಡು ಕಿವಿ ಇದ್ದದ್ದು, ಅರ್ಧ ಸೇರು ಅಕ್ಕಿ ಹಿಡಿಯಬಹುದು. ಗೆದ್ದವರ ಊರಿನಲ್ಲಿ ಒಂದು ವರ್ಷ ಇರಬೇಕು, ಮುಂದಿನ ವರ್ಷ ತರಬೇಕು. ಅದು ನಮ್ಮ ಊರಿಗೆ ಒಂದು ಸಲ ಬರಬೇಕು, ನಮ್ಮ ಜಗಲಿಯಲ್ಲಿ ಕೂರಬೇಕು ಅನ್ನುವುದು ಮಾವನ ಆಸೆ. ಆಸೆ ಅಂದರೆ ಬಾಯಿಮಾತಿನದ್ದಲ್ಲ. ಕಪ್ಪಿನ ಆಟ ಶುರುವಾದ ಮೊದಲ ವರ್ಷವೇ ಜಗಲಿಯ ಗೋಡೆಗೆ ಹಲಸಿನ ಮರದ ಒಂದು ಹಲಗೆ ಬಡಿಸಿದ್ದರು, ಕಪ್ಪು ಇಡುವುದಕ್ಕೆ. ನಾನು ಮದುವೆಯಾಗಿ ಬರುವಾಗ ಆ ಹಲಗೆಗೆ ಆಗಲೇ ಏಳೆಂಟು ವರ್ಷ. ಬಣ್ಣ ಕಪ್ಪಾಗಿತ್ತು. ಅತ್ತೆ ಅದರ ಮೇಲೆ ಎಲೆಯಡಿಕೆಯ ಪೆಟ್ಟಿಗೆ ಇಟ್ಟುಕೊಂಡಿದ್ದರು. ಪ್ರತಿ ವರ್ಷ ಕೊನೆಯ ಆಟದ ಹಿಂದಿನ ದಿನ ಮಾವ ಆ ಪೆಟ್ಟಿಗೆ ತೆಗೆದು ನೆಲಕ್ಕಿಟ್ಟು ಹಲಗೆ ಒರೆಸುವರು. ಆಟದ ಸಂಜೆ ಅತ್ತೆ ಪೆಟ್ಟಿಗೆಯನ್ನು ತಿರುಗಿ ಮೇಲಕ್ಕಿಡುವರು. ಆ ಒಂದು ದಿನ ಅವರು ಮಾತಿನಲ್ಲಿ ಚುಚ್ಚುತ್ತಿರಲಿಲ್ಲ. ಪೆಟ್ಟಿಗೆ ಇಡುವ ಸದ್ದೇ ಸಾಕಾಗುತ್ತಿತ್ತು.

ನನ್ನ ಮದುವೆಯಾಗಿ ಮೂರನೇ ವರ್ಷ ಇರಬೇಕು. ಆ ವರ್ಷ ಕಾಫಿ ಚೆನ್ನಾಗಿ ಬಂದಿತ್ತು. ಹಣ್ಣು ಕೊಯ್ದು ಮುಗಿಯುವಾಗ ಫೆಬ್ರವರಿ ಅರ್ಧ ಕಳೆದಿತ್ತು. ಎಲ್ಲರ ಮನೆಯ ಕಣದಲ್ಲೂ ಕಾಫಿ ಹರಡಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೊಯ್ದ ಹಣ್ಣನ್ನು ಸಗಣಿ ಸಾರಿಸಿದ ಕಣದಲ್ಲಿ ತೆಳ್ಳಗೆ ಹರಡಿ ಹದಿನೈದು ದಿನ ಬಿಸಿಲಿಗೆ ಒಣಗಿಸಬೇಕು. ದಿನಕ್ಕೆ ಐದಾರು ಸಲ ಗೋರುಮಣೆಯಲ್ಲಿ ಎಳೆದು ಮೊಗಚಬೇಕು. ಅರ್ಧ ಒಣಗಿದ ಕಾಫಿಗೆ ಒಂದು ಮಳೆ ಬಿದ್ದರೆ ಬೂಸಲು ಹಿಡಿಯುತ್ತದೆ, ವರ್ಷದ ದುಡಿಮೆ ಹೋಯಿತು. ಆದ್ದರಿಂದ ಆ ದಿನಗಳಲ್ಲಿ ಆಕಾಶದಲ್ಲಿ ಒಂದು ಮೋಡ ಕಂಡರೆ ಯಾರು ಎಲ್ಲಿದ್ದರೂ ಮನೆಗೆ ಓಡುವುದು ನಮ್ಮ ಕಡೆಯ ಪದ್ಧತಿ. ಮದುವೆ ಮನೆಯ ಊಟದ ಎಲೆ ಬಿಟ್ಟು ಓಡಿದ್ದು ನೋಡಿದ್ದೇನೆ. ಹೆಣ ಎತ್ತುವ ಹೊತ್ತಿಗೆ ಜನ ಓಡಿದ್ದೂ ಉಂಟು. ಯಾರೂ ತಪ್ಪು ತಿಳಿಯುವುದಿಲ್ಲ. ಸತ್ತವನ ಕಣದಲ್ಲೂ ಕಾಫಿ ಇರುತ್ತದಲ್ಲ.

ಕೊನೆಯ ಆಟ ಆ ಭಾನುವಾರ ಬಿತ್ತು. ನಮ್ಮ ಕಣ ಗದ್ದೆಯ ನೇರ ಮೇಲೆ. ಕಲ್ಲೆಸೆದರೆ ಆಟಗಾರರ ತಲೆಗೆ ಬೀಳುವಷ್ಟು ಹತ್ತಿರ. ನಾನು ಗೋರುಮಣೆ ಎಳೆಯುತ್ತಾ ಎಳೆಯುತ್ತಾ ಎಲ್ಲವನ್ನೂ ನೋಡುತ್ತಿದ್ದೆ. ಆಟ ನನಗೆ ಇಷ್ಟ ಅಂತ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ. ಆದರೆ ಕಣದ ಗದ್ದೆ ಕಡೆಯ ಅಂಚಿನ ಕಾಫಿ ಉಳಿದದ್ದಕ್ಕಿಂತ ಚೆನ್ನಾಗಿ ಒಣಗುತ್ತಿತ್ತು ಅಂತ ಅತ್ತೆ ಒಂದು ಸಲ ಅಂದಿದ್ದರು.

ಅರ್ಧ ಆಟದಲ್ಲಿ ಕುಟ್ಟದವರು ಒಂದು ಗೋಲು ಮುಂದೆ. ಮಾವ ಕಿತ್ತಳೆ ಹಂಚಿದರು. ನಮ್ಮವರ ತಿಂದ ಬಾಯಿ ಒರೆಸಿ, ಬೆನ್ನು ತಟ್ಟಿ, ಬೈದು ಕಳಿಸಿದರು. ಅವತ್ತು ಬೈಗುಳ ಹಿಡಿಯಿತೋ ಕಿತ್ತಳೆ ಹಿಡಿಯಿತೋ, ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಟೈಲರು ಒಂದು ಗೋಲು ಹೊಡೆದ. ಸಮಸಮ. ನಾನು ಇಷ್ಟು ವರ್ಷದಲ್ಲಿ ಕೇಳದ ಸದ್ದು ಗದ್ದೆಯಿಂದ ಎದ್ದಿತು. ಮಾವನ ಬಲಗಡೆಯ ಖಾಲಿ ಜಾಗ ಎರಡು ಮೊಳದಿಂದ ನಾಲ್ಕು ಮೊಳವಾಯಿತು.

ಆಗಲೇ ಪಡುವಣ ಗುಡ್ಡದ ಹಿಂದಿನಿಂದ ಮೋಡ ಎದ್ದದ್ದು. ಕಪ್ಪು ಎಮ್ಮೆಯ ಬೆನ್ನಿನ ಹಾಗೆ. ಬಿಸಿಲು ಮಸಕಾಯಿತು.

"ಕಾಫೀ!" ಅಂತ ಒಬ್ಬ ಕೂಗಿದ.

ಅಷ್ಟೇ. ಬದುವಿನ ಮೇಲಿದ್ದ ಜನವೆಲ್ಲ ಕಲ್ಲು ಹೊಡೆದ ಗುಬ್ಬಿಗಳ ಹಾಗೆ ಎದ್ದು ಹೋದರು. ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬೊಬ್ಬರು ಒಂದೊಂದು ದಾರಿ. ನೋಡುವವರು ಹೋದರೆ ಹೋಗಲಿ, ಆಡುವವರೂ ಹೊರಟರು. ನಮ್ಮ ತಂಡದ ನಾಲ್ವರು, ಆಚೆ ದಿಣ್ಣೆಯ ಎರಡು ಮನೆಯ ಅಣ್ಣತಮ್ಮಂದಿರು, ಚೆಂಡು ಬಿಟ್ಟು ಓಡಿದರು. ಕುಟ್ಟದವರ ಕಾಫಿ ಕುಟ್ಟದಲ್ಲಿ, ಇಷ್ಟು ದೂರದಿಂದ ಅವರು ಓಡಿ ಏನು ಮಾಡುವುದು? ಸೊಂಟಕ್ಕೆ ಕೈಯಿಟ್ಟು ನಗುತ್ತಾ ನಿಂತರು.

ಆಟ ನಡೆಸುತ್ತಿದ್ದ ಮೇಷ್ಟ್ರು ಆಟ ನಿಲ್ಲಿಸುವುದಿಲ್ಲ ಅಂದರು. ಲಾರಿ ಕತ್ತಲೆಗೆ ಮುಂಚೆ ಕುಟ್ಟ ಸೇರಬೇಕಿತ್ತು. ಕುಟ್ಟದವರ ಮುಂದಾಳು ಮಾವನ ಕಡೆ ತಿರುಗಿ ಕೂಗಿದ, "ಏಳು ಜನ ಸಾಕು ಅಜ್ಜಾ! ನಾವು ಮೆಲ್ಲ ಆಡ್ತೇವೆ, ಬೇಜಾರು ಮಾಡ್ಬೇಡಿ!"

ಗದ್ದೆಯಿಂದ ಆಚೆ ದಿಣ್ಣೆಗೆ ಹೋಗುವುದಕ್ಕೆ ಇದ್ದದ್ದು ಒಂದೇ ಉಣುಗೋಲು. ಮಾವ ಹೋಗಿ ಅದರ ಬಿದಿರು ಅಡ್ಡ ಎಳೆದು ನಿಂತರು. ನಾಲ್ವರೂ ಅವರ ಎದುರಿಗೆ ಬಂದು ನಿಂತರು.

"ಎಲ್ಲಿಗೆ?"

"ಕಾಫಿ ಅಜ್ಜಾ. ಮನೇಲಿ ಅಪ್ಪ ಒಬ್ರೇ ಇರುದು."

"ನಿಮ್ಮ ಎರಡು ಕಣವೂ ನಾ ಒಟ್ಟಿ ಮುಚ್ಚಿನೆ. ತಿರುಗಿ ಹೋಗಿ ಆಡಿ."

"ನೀವು ಆಟ ನೋಡುದ್ ಬೇಡ್ವಾ?"

ಮಾವ ಒಂದು ಸಲ ಗದ್ದೆಯ ಕಡೆ ನೋಡಿದರು. ಅದನ್ನು ನಾನು ಮೇಲಿನಿಂದ ಕಂಡೆ. ಹಸಿದವನು ಬಡಿಸಿದ ಎಲೆ ನೋಡುವ ಹಾಗೆ ನೋಡಿದರು.

"ಹೋಗಿ ಅಂದೆ!" ಅಂದರು. ಕಿತ್ತಳೆಯ ಕುಕ್ಕೆಯನ್ನು ಬದುವಿನ ಮೇಲಿಟ್ಟರು. ಕಣದಲ್ಲಿ ಕಾಫಿ ಇಲ್ಲದವರು ಅಂತ ಅಲ್ಲಿ ಉಳಿದದ್ದು ಚಹಾ ಅಂಗಡಿಯವನು, ಬಸ್ಸಿನ ಕಂಡಕ್ಟರು, ಲೈನಿನ ಇಬ್ಬರು ಆಳುಗಳು. ಅವರನ್ನು ಕರೆದುಕೊಂಡು ಹೊರಟರು.

ನಮ್ಮ ಕಣದಿಂದ ಅತ್ತೆ ಕೂಗಿದರು. "ಓಯ್! ಕೇಳ್ತುಟ್ಟಾ? ನಮ್ಮ ಕಾಫಿ ಇಲ್ಲಿ ಉಟ್ಟು, ಅಲ್ಲಿ ಅಲ್ಲ!"

"ಅಲ್ಲಿ ನೀವಿಬ್ರು ಇದ್ದೀರಲ್ಲಾ!" ಅಂತ ಮಾವ ತಿರುಗಿ ಕೂಗಿದರು. ಆಮೇಲೆ ನನಗೆ. "ಕೂಸೇ! ನೀ ನೋಡ್! ಎಲ್ಲಾ ನೋಡಿ ನಂಗೆ ಹೇಳೊಕು! ಒಂದೂ ಬಿಡೊಡ!"

ಓಡಿದರು. ಅರುವತ್ತರ ಹತ್ತಿರದ ಮನುಷ್ಯ, ಪಂಚೆ ಕಚ್ಚೆ ಹಾಕಿಕೊಂಡು, ದಿಣ್ಣೆ ಹತ್ತಿ ಕಾಫಿ ಗಿಡಗಳ ಒಳಗೆ ಮಾಯವಾದರು.

ಈಗ ನನ್ನ ಪಾಡು ಕೇಳಿ. ಇತ್ತ ಅತ್ತೆ, "ಎಳಿ, ಎಳಿ, ಬೇಗ ಒಟ್ಟು" ಅನ್ನುತ್ತಿದ್ದಾರೆ. ಅತ್ತ ಮಾವ ನೋಡು ಅಂದಿದ್ದಾರೆ. ಒಂದು ಕಣ್ಣು ಕಾಫಿಗೆ, ಒಂದು ಕಣ್ಣು ಗದ್ದೆಗೆ ಕೊಟ್ಟು ಗೋರುಮಣೆ ಎಳೆದೆ. ಕಾಫಿಯನ್ನು ನಡುವೆ ರಾಶಿ ಹಾಕಿದೆವು. ಮೇಲೆ ಚಾಪೆ ಹೊದಿಸಿದೆವು. ಆ ಹೊತ್ತಿಗೆ ಗಾಳಿ ಎದ್ದಿತು. ಒಂದು ಚಾಪೆ ಹಾರಿಯೇ ಹೋಯಿತು, ಇನ್ನೊಂದು ಏಳುವುದರಲ್ಲಿತ್ತು.

"ಮಲಗೆ ಅದ್ರ ಮೇಲೆ!" ಅಂತ ಅತ್ತೆ ಕಿರುಚಿದರು.

ಬಿದ್ದೆ. ಕಾಫಿ ರಾಶಿಯ ಮೇಲೆ ಬೋರಲಾಗಿ ಚಾಪೆ ತಬ್ಬಿಕೊಂಡು ಬಿದ್ದೆ. ಮೂಗಿನ ತುಂಬ ಹುಳಿತ ಹಣ್ಣಿನ ವಾಸನೆ. ಸೆರಗು ಮುಖಕ್ಕೆ ಸುತ್ತಿಕೊಂಡಿತ್ತು. ಅದೇ ಹೊತ್ತಿಗೆ ಕೆಳಗಿನಿಂದ ಕೂಗು ಬಂತು.

ಸೆರಗು ಕಿತ್ತು ತಲೆ ಎತ್ತಿ ನೋಡಿದರೆ, ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದಾರೆ. ಎಲ್ಲರ ಅಡಿಯಲ್ಲಿ ಎಸ್ಟೇಟಿನ ಲಾರಿ ಡ್ರೈವರು. ಕುಟ್ಟದವರ ಗೋಲು ಕಾಯುವ ಗೋಲಿ ನೆಲದಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಾನೆ. ಚೆಂಡು ಬಿದಿರಿನ ಕಂಬಗಳ ಹಿಂದೆ ಇದೆ.

"ಅತ್ತೆ, ಹೆಂಗೆ ಹೋತು ನೋಡಿದ್ರಾ?"

"ನಾ ಎಂತಕ್ಕೆ ನೋಡೊಕು? ಚಾಪೆ ಹಿಡಿ."

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಉದ್ದಕ್ಕೆ ಸೀಟಿ ಊದಿದರು. ಗೆದ್ದಿದ್ದೆವು. ನೋಡುವುದಕ್ಕೆ ಬದುವಿನ ಮೇಲೆ ಕಿತ್ತಳೆಯ ಕುಕ್ಕೆಯೊಂದೇ ಇತ್ತು.

ಮಳೆ ಬರಲಿಲ್ಲ. ಒಂದು ಹನಿಯೂ ಬೀಳಲಿಲ್ಲ. ಗಾಳಿ ಮೋಡವನ್ನು ಹಾಗೇ ತೆಗೆದುಕೊಂಡು ವಯನಾಡಿನ ಕಡೆಗೆ ಹೋಯಿತು. ಬಿಸಿಲು ಬಂತು. ಊರಿನವರೆಲ್ಲ ಮುಚ್ಚಿದ ಚಾಪೆ ತೆಗೆಯುತ್ತಾ ಆಕಾಶಕ್ಕೆ ಬೈಯುತ್ತಾ ನಿಂತರು.

ಮಾವ ದಿಣ್ಣೆ ಇಳಿದು ಬಂದರು. ಮೀಸೆಯಲ್ಲಿ ಕಾಫಿ ಸಿಪ್ಪೆ, ಮೈಯೆಲ್ಲ ಬೆವರು. ಕೂಗು ಅವರಿಗೆ ಅಲ್ಲಿಗೇ ಕೇಳಿಸಿತ್ತಂತೆ. ಗದ್ದೆಯಲ್ಲಿ ಆಟಗಾರರು ಕಪ್ಪು ಎತ್ತಿ ಹಿಡಿದು "ಅಜ್ಜಾ, ಅಜ್ಜಾ" ಅಂತ ಕರೆಯುತ್ತಿದ್ದಾರೆ, ಇವರು ಅವರ ಕಡೆಗೆ ಹೋಗದೆ ಸೀದಾ ಕಣಕ್ಕೆ ಬಂದರು. ನನ್ನ ಎದುರಿಗೆ ನಿಂತರು.

"ಹೇಳ್."

ನೋಡಲಿಲ್ಲ ಮಾವ, ಚಾಪೆಯ ಮೇಲೆ ಬಿದ್ದಿದ್ದೆ ಅಂತ ಹೇಳುವುದಕ್ಕೆ ಬಾಯಿ ತೆರೆದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ಅದಕ್ಕೆ ತವರಿನಲ್ಲೂ ಗಂಡನ ಮನೆಯಲ್ಲೂ ಬೈಸಿಕೊಂಡವಳು. ಅತ್ತೆ ಪಕ್ಕದಲ್ಲೇ ಇದ್ದರು, ನಾನು ನೋಡಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆದರೂ ಆ ಮೀಸೆಯ ಸಿಪ್ಪೆ ನೋಡಿ ನನ್ನ ಬಾಯಿಂದ ಬೇರೆಯೇ ಬಂತು.

"ಡ್ರೈವರು ಹೊಡ್ದದ್ ಮಾವ. ಆಚೆ ಕೊನೆಯಿಂದ್ಲೇ ಚೆಂಡು ತಕಂಡು ಬಂದ. ಒಬ್ಬ ಅಡ್ಡ ಬಂದ, ಅವನ ಬಲಕ್ಕೆ ಹೋದ. ಇನ್ನೊಬ್ಬ ಬಂದ, ಎಡಕ್ಕೆ ಹೋದ. ಬೇಲಿ ಸಂದೀಲಿ ಕರು ನುಗ್ಗುವ ಹಾಂಗೆ ನುಗ್ಗಿದ. ಗೋಲಿ ಎದುರಿಗೆ ಬಂದ, ಇವ ನಿಂತ. ಒಂದು ಗಳಿಗೆ ಸುಮ್ಮನೆ ನಿಂತ. ಗೋಲಿ ಬಿದ್ದ. ಆಮೇಲೆ ಮೆಲ್ಲ, ಎಡಗಾಲಲ್ಲಿ, ಕಿತ್ತಳೆ ಉರುಳಿಸಿದ ಹಾಂಗೆ ಉರುಳಿಸಿದ."

"ನಿಂತನಾ? ಚೆಂಡು ಕಾಲಲ್ಲಿ ಇಟ್ಕಂಡ್ ನಿಂತನಾ?"

"ಹೂಂ."

"ನಾ ಹತ್ತು ವರ್ಷದಿಂದ ಅವಂಗೆ ಅದನ್ನೇ ಹೇಳ್ತಿದ್ದದ್. ನಿಲ್ಲು ಮಾರಾಯ, ಅವಸರ ಮಾಡೊಡ ಅಂತ." ಮಾವ ಕಣದ ಅಂಚಿನಲ್ಲಿ ಕೂತರು. ಅವರು ಕೂತದ್ದನ್ನು ಆಟದ ದಿನ ನಾನು ಮೊದಲ ಸಲ ನೋಡಿದ್ದು. "ಇನ್ನೊಂದು ಸಲ ಹೇಳ್."

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಅವರು ಒಳಗೆ ಹೋದರು, ಹಲಗೆಯ ಕೆಳಗೆ ನೆಲದಲ್ಲಿದ್ದ ಎಲೆಯಡಿಕೆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ತಮ್ಮ ಕೋಣೆಯಲ್ಲಿಟ್ಟರು.

ಆ ಸಂಜೆ ಹಲಗೆಯ ಮೇಲೆ ಕಪ್ಪು ಕೂತಿತು. ಹಲಗೆಗೆ ಸರಿಯಾದ ಅಳತೆ. ಬಂದವರಿಗೆಲ್ಲ ಚಹಾ ಮಾಡಿ ಮಾಡಿ ನನ್ನ ಕೈ ಸೋತಿತು.

ಮೋಡ ಖಾಲಿ ಅಂತ ಗೊತ್ತಿದ್ದರೆ ನೀವು ಹೋಗುತ್ತಲೇ ಇರಲಿಲ್ಲ ಅಲ್ಲವಾ ಮಾವ ಅಂತ ಒಂದು ದಿನ ಕೇಳಿದೆ.

"ಗೊತ್ತಿತ್ತಲ್ಲಾ," ಅಂದರು. "ಗಾಳಿ ತೆಂಕಲಿಗೆ ಇತ್ತ್. ಅದು ಇಲ್ಲಿ ಬೀಳುವ ಮೋಡ ಅಲ್ಲ."

"ಮತ್ತೆ ಓಡಿದ್ದೆಂತಕ್ಕೆ?"

"ಅವ್ಕೆ ಗೊತ್ತಿರ್ಲಿಲ್ಲೆ. ಕಣಲಿ ಕಾಫಿ ಇದ್ದವನ ಕಣ್ಣು ಚೆಂಡಿನ ಮೇಲೆ ನಿಂತದಾ? ನಾ ಹೇಳ್ರೂ ನಂಬ್ತಿರ್ಲಿಲ್ಲೆ."

ಇದು ನಿಜವೋ, ಆಮೇಲೆ ಕಟ್ಟಿದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಕಡೆ ಮಳೆ ಬಾರದೆ ಹೋದ ಮೇಲೆ ಗಾಳಿ ಯಾವ ಕಡೆಗಿತ್ತು ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಕಪ್ಪು ಒಂದು ವರ್ಷ ಇತ್ತು. ಮುಂದಿನ ವರ್ಷ ಕುಟ್ಟದವರು ಬಂದರು, ಕಿತ್ತಳೆ ಸುಲಿದು ತಿಂದರು, ಗೆದ್ದರು, ತೆಗೆದುಕೊಂಡು ಹೋದರು. ಮತ್ತೆ ಮಾವನ ಕಾಲದಲ್ಲಿ ಅದು ಬರಲಿಲ್ಲ. ಅತ್ತೆ ಪೆಟ್ಟಿಗೆಯನ್ನು ತಿರುಗಿ ಹಲಗೆಗೆ ಇಟ್ಟರು, ಈ ಸಲ ಸದ್ದಿಲ್ಲದೆ. ಮಾವನಿಗೂ ಬೇಸರವಾಗಲಿಲ್ಲ. ಯಾಕೆಂದರೆ ಗೋಲು ಇವರ ಹತ್ತಿರ ಉಳಿದಿತ್ತು.

ಆ ಗೋಲನ್ನು ನಾನು ಎಷ್ಟು ಸಲ ಹೇಳಿದೆನೋ! ಕಾಫಿ ಕೊಯ್ಯುವಾಗ, ಭತ್ತ ಕುಟ್ಟುವಾಗ, ಹಾಲು ಕರೆಯುವಾಗ. ಮಧ್ಯೆ ಮಧ್ಯೆ ನಾನು ಏನು ಹೇಳಿದ್ದೆ ಅನ್ನುವುದು ನನಗೇ ಮರೆತು ಹೋಗುತ್ತಿತ್ತು. ಒಂದು ಸಲ ಬಲಗಾಲು ಅಂದೆ.

"ಎಡಗಾಲು," ಅಂತ ಮಾವ ತಿದ್ದಿದರು.

ನನ್ನ ಗಂಡ ರಜೆಗೆ ಬಂದಾಗ ಅವರಿಗೆ ಹೇಳಿಸಿದರು. ಮಗ ಹುಟ್ಟಿ ಹನ್ನೊಂದನೇ ದಿನಕ್ಕೆ ತೊಟ್ಟಿಲ ಪಕ್ಕದಲ್ಲಿ ಕೂತು ಅವನಿಗೂ ಹೇಳಿದರು. ಬರಬರುತ್ತಾ ತಾವೇ ನೋಡಿದ ಹಾಗೆ ಬಸ್‌ಸ್ಟ್ಯಾಂಡಿನಲ್ಲಿ, ಚಹಾ ಅಂಗಡಿಯಲ್ಲಿ ಹೇಳುವುದಕ್ಕೆ ಶುರುಮಾಡಿದರು. ನಿಂತ, ಒಂದು ಗಳಿಗೆ ಸುಮ್ಮನೆ ನಿಂತ ಅನ್ನುವಾಗ ತಾವೂ ಮಾತು ನಿಲ್ಲಿಸುವರು. ಕೇಳುವವರು ಚಹಾ ಲೋಟ ಬಾಯಿಗೆ ಕೊಂಡೊಯ್ಯದೆ ಕಾಯುವರು. ಆಮೇಲೆ ಅಂಗೈಯನ್ನು ಮೆಲ್ಲ ಮುಂದಕ್ಕೆ ತಳ್ಳಿ ಕಿತ್ತಳೆ ಉರುಳಿಸುವರು. ಸ್ವತಃ ಆ ಡ್ರೈವರು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಿದ್ದ. ಎಲ್ಲರೂ ಅವನ ಕಡೆ ತಿರುಗಿ, "ಹೌದೇನೋ?" ಅಂದರೆ, "ಅಜ್ಜ ಹೇಳಿದ ಮೇಲೆ ಕಳಿಞ್ಞು, ಮುಗೀತು," ಅಂತ ನಗುವನು. ಅವನೆಲ್ಲಿ ಒಂದು ದಿನ ಬಾಯಿಬಿಟ್ಟಾನೋ ಅಂತ ನಾನು ಮಾತ್ರ ಪೇಟೆಗೆ ಹೋದಾಗ ಚಹಾ ಅಂಗಡಿಯ ಎದುರು ತಲೆ ತಗ್ಗಿಸಿ ದಾಟುತ್ತಿದ್ದೆ.

ಹೀಗೆ ಹನ್ನೆರಡು ವರ್ಷ. ಅತ್ತೆ ತೀರಿಕೊಂಡರು. ನನ್ನ ಗಂಡ ಪೆನ್ಶನ್ ತೆಗೆದುಕೊಂಡು ಬಂದರು. ಬದು ಒಡೆಯುವ ಕೆಲಸ ಅವರ ಪಾಲಿಗೆ ಬಂತು. ಮಾವ ಕುರ್ಚಿಯಲ್ಲಿ ಕೂತು ಎಲ್ಲಿ ಕಡಿಯಬೇಕು ಅಂತ ಹೇಳುವುದು, ಅವರು ಕಡಿಯುವುದು. ಕೊನೆಯ ವರ್ಷ ಕುರ್ಚಿಯೂ ಆಗಲಿಲ್ಲ, ಜಗಲಿಯಲ್ಲಿ ಮಂಚ ಹಾಕಿದೆವು. ಅಲ್ಲಿಂದ ಗದ್ದೆ ಕಾಣುತ್ತದೆ. ಆಟದ ದಿನ ಮಲಗಿದಲ್ಲೇ ಬಲಗಾಲು ಅಲುಗುತ್ತಿತ್ತು. ನಾನು ಊಟ ಕೊಡುವುದಕ್ಕೆ ಎಡಗಡೆಯಿಂದಲೇ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುತ್ತಿದ್ದೆ.

"ಕೂಸೇ, ಆ ಗೋಲು ಹೇಳ್."

ಹೇಳಿದೆ. ಎಡಗಾಲು ಅಂತಲೇ ಹೇಳಿದೆ. ಕಿತ್ತಳೆ ಉರುಳಿಸಿದೆ. ಮಾವ ಕಣ್ಣು ಮುಚ್ಚಿ ಕೇಳಿದರು. ಆ ಹೊತ್ತಿಗೆ ನನಗೆ ಏನನ್ನಿಸಿತೋ, ಇನ್ನು ಇಟ್ಟುಕೊಂಡು ಏನು ಮಾಡುವುದು ಅನ್ನಿಸಿತು.

"ಮಾವ, ನಾ ಅದನ್ನು ನೋಡ್ಲೇ ಇಲ್ಲೆ," ಅಂದೆ. "ಚಾಪೆ ಮೇಲೆ ಬೋರಲು ಬಿದ್ದಿದ್ದೆ. ಎಲ್ಲಾ ನಾ ಕಟ್ಟಿ ಹೇಳಿದ್ದ್."

ಮಾವ ಕಣ್ಣು ತೆರೆಯಲಿಲ್ಲ.

"ಗೊತ್ತುಟ್ಟು."

"ಯಾರು ಹೇಳಿದ್?"

"ಡ್ರೈವರ್‌ನೇ. ಮಾರನೇ ದಿನವೇ ಕೇಳ್ದೆ. ಅವ ಒದ್ದದ್ ಎಲ್ಲಿಗೋ. ಕುಟ್ಟದವರಲ್ಲಿ ಒಬ್ಬನ ಬೆನ್ನಿಗೆ ಬಿದ್ದ್ ತಿರುಗಿ ಒಳಗೆ ಹೋತ್ತಂತೆ. ಡ್ರೈವರೂ ನೋಡಿತ್ಲೆ, ಅವನ ಬೆನ್ನು ಆ ಕಡೆ ಇತ್ತಂತೆ." ಮಾವನ ಹೊಟ್ಟೆ ನಗುವಿಗೆ ಅಲುಗಿತು. "ಯಾರಿಗೂ ಹೇಳೊಡ ಅಂತ ಅವಂಗೆ ಹೇಳಿ ಬಂದೆ."

"ಹನ್ನೆರಡು ವರ್ಷ ನನ್ನ ಬಾಯಲ್ಲಿ ಹೇಳಿಸಿದ್ರಲ್ಲಾ! ಎಂತಕ್ಕೆ?"

"ನಿನ್ನ ಗೋಲೇ ಚೆಂದ ಇತ್ತ್," ಅಂದರು. "ಅದ್ರಲ್ಲಿ ಅವ ನಿಂತ."

ನನಗೆ ಸಿಟ್ಟು ಬಂತು. ನಿಜಕ್ಕೂ ಬಂತು. ಹನ್ನೆರಡು ವರ್ಷ ಒಳಗೇ ಹೆದರಿದ್ದೆನಲ್ಲ, ಚಹಾ ಅಂಗಡಿಯ ಎದುರು ತಲೆ ತಗ್ಗಿಸಿ ಓಡಾಡಿದೆನಲ್ಲ. ಗಂಜಿ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ ಜೋರಾಗಿ ತಿಕ್ಕಿದೆ. ತಿಕ್ಕುತ್ತಾ ತಿಕ್ಕುತ್ತಾ ನನಗೂ ನಗು ಬಂತು.

ಮಾವ ಹೋದದ್ದು ಆ ವರ್ಷದ ಹುತ್ತರಿಗೆ ಸ್ವಲ್ಪ ಮುಂಚೆ. ಯಾವ ನೋವೂ ಪಡಲಿಲ್ಲ. ಗದ್ದೆಯಲ್ಲಿ ಇನ್ನೂ ಭತ್ತ ಇತ್ತು, ಬದು ಗಟ್ಟಿಯಾಗಿತ್ತು.

ಫೆಬ್ರವರಿಯಲ್ಲಿ ಕೊನೆಯ ಆಟ ಬಂತು. ಬೆಳಿಗ್ಗೆ ಎದ್ದು ಕಿತ್ತಳೆ ಕೊಯ್ದೆ. ಅರ್ಧ ಸುಲಿದೆ, ಅರ್ಧ ಬಿಟ್ಟೆ. ಬಿಡುವಿನ ಹೊತ್ತಿಗೆ ಕುಕ್ಕೆ ಹಿಡಿದುಕೊಂಡು ಗದ್ದೆಗೆ ಇಳಿದೆ. ಹೆಂಗಸು ಇಳಿದಳು ಅಂತ ಕೆಲವರು ನೋಡಿದರು, ನೋಡಿದರೆ ನೋಡಲಿ. ಕುಟ್ಟದವರ ಹೊಸ ಮುಂದಾಳು ಕಿತ್ತಳೆ ಕೈಯಲ್ಲಿ ತಿರುಗಿಸುತ್ತಾ ಅಂದ, "ಅಜ್ಜ ಹೋದ್ರೂ ನಮಗೆ ಸುಲಿಯದ್ದೇನಾ ಅಕ್ಕಾ?"

"ನಿಂಗೆ ಉಗುರ್ ಇಲ್ಲೆನಾ?" ಅಂದೆ.

ಕಣದಲ್ಲಿ ಆ ದಿನ ಕಾಫಿ ಇತ್ತು. ಮೇಲಿನಿಂದ ಗಂಡ ಎರಡು ಸಲ ಕೂಗಿದರು, ಮೊಗಚಬೇಕು ಅಂತ. ನೀವೇ ಮೊಗಚಿ ಅಂದು ಬದುವಿನ ಮೇಲೆ, ಮಾವ ನಿಲ್ಲುತ್ತಿದ್ದ ಜಾಗದ ಬಲಗಡೆ ನಿಂತುಕೊಂಡು ಕೊನೆಯವರೆಗೂ ನೋಡಿದೆ. ಒಂದೂ ಬಿಡಲಿಲ್ಲ. ಮೂರು ಗೋಲಿನಿಂದ ಸೋತೆವು.